ಸೊಂಡಿಲಿ ಇಲಿಯಲ್ಲ, ಸ್ಟ್ರೆಸ್ ಅಂದರೆ ಬರೀ ಟೆನ್ಷನ್ ಅಲ್ಲ: ವಾಲ್ಟರ್ ಎಲಿಯಟ್ ಬದುಕಿನಿಂದ ಎರಡು ಪಾಠ

ಚುಂಚನಕಟ್ಟೆಯಂಥ ಹೊಳೆದಂಡೆಯ ಊರುಗಳಲ್ಲಿ ರಾತ್ರಿ ಹೊತ್ತು ಗೋಡೆ ಬದಿಯಲ್ಲಿ ಚಿಕ್ ಚಿಕ್ ಎನ್ನುತ್ತ ಓಡುವ ಉದ್ದ ಮೂತಿಯ ಪ್ರಾಣಿಯನ್ನು ನೀವು ನೋಡಿರುತ್ತೀರಿ. ಅದು ಹೋದ ಮೇಲೂ ವಾಸನೆ ಉಳಿದಿರುತ್ತದೆ. ಅದೇ ಸೊಂಡಿಲಿ. ಹೆಸರಿನಲ್ಲಿ ಇಲಿ ಇದ್ದರೂ ಅದು ಇಲಿಯ ಜಾತಿಗೆ ಸೇರಿದ್ದಲ್ಲ. ಹೆಸರು ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂದು ತಿಳಿಯಲು ಒಬ್ಬ ಹಳೆಯ ಅಧಿಕಾರಿಯ ಕಥೆ ಕೇಳಿ.

ವಾಲ್ಟರ್ ಎಲಿಯಟ್ 1803ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದವರು. ಹದಿಹರೆಯ ದಾಟುವ ಹೊತ್ತಿಗೆ ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಮದ್ರಾಸಿಗೆ ಬಂದರು. ಮುಂದೆ ಧಾರವಾಡ ಸೀಮೆಗೆ ಸಹಾಯಕ ಅಧಿಕಾರಿಯಾಗಿ ಹೋದರು. ಅಷ್ಟರಲ್ಲೇ ಕಿತ್ತೂರಿನ ಕದನ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತರು. ರಾಣಿ ಚೆನ್ನಮ್ಮನ ಕಡೆಯವರು ಎಲಿಯಟ್ ಮತ್ತು ಸ್ಟೀವನ್‌ಸನ್ ಇಬ್ಬರನ್ನೂ ಸೆರೆ ಹಿಡಿದರು. ಆಗ ಎಲಿಯಟ್‌ಗೆ ಬರೀ 21 ವರ್ಷ. ವಾರಗಟ್ಟಲೆ ಸೆರೆಯಲ್ಲಿದ್ದು ಜೀವಂತ ಹೊರಬಂದರು.

ಆ ದಿನಗಳಲ್ಲಿ ಅವರ ಎದೆ ಬಡಿತ ಏರಿರಬಹುದು, ನಿದ್ದೆ ಕೆಟ್ಟಿರಬಹುದು. ಇವತ್ತಾದರೆ ಅದಕ್ಕೆ ಸ್ಟ್ರೆಸ್ ಎನ್ನುತ್ತೇವೆ. ಆದರೆ ಆಗ ಆ ಪದಕ್ಕೆ ವೈದ್ಯಕೀಯ ಅರ್ಥವೇ ಇರಲಿಲ್ಲ. ಅದು ಬಂದದ್ದು 1936ರ ನಂತರ, ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಮಾಡಿದ ಪ್ರಯೋಗಗಳಿಂದ. ಚಳಿ, ಗಾಯ, ವಿಷ ಹೀಗೆ ಕಾರಣ ಬೇರೆ ಬೇರೆಯಾದರೂ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುವುದನ್ನು ಅವರು ಕಂಡರು.

ಎಲಿಯಟ್ ಹೆದರಿ ಊರು ಬಿಡಲಿಲ್ಲ. 1833ರವರೆಗೂ ಆ ಸೀಮೆಯಲ್ಲೇ ಇದ್ದು ಕನ್ನಡ ಶಾಸನಗಳ ನೂರಾರು ಪ್ರತಿ ಮಾಡಿಸಿದರು. ಅಲ್ಲಿನ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದರು. ಮುಂದೆ ಡಾರ್ವಿನ್ನರಿಗೆ ಪಾರಿವಾಳ, ಕೋಳಿಗಳ ಚರ್ಮಗಳನ್ನು ಕಳಿಸಿಕೊಟ್ಟರು. 1860ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದರು. ಕಣ್ಣು ಮಂದವಾದರೂ ಕೆಲಸ ಬಿಡದೆ ದಕ್ಷಿಣ ಭಾರತದ ನಾಣ್ಯಗಳ ಪುಸ್ತಕ ಮುಗಿಸಿ, 1887ರಲ್ಲಿ ತೀರಿಕೊಂಡರು.

ಅವರ ಹೆಸರು ಒಂದು ಪ್ರಾಣಿಗೂ ಉಳಿದಿದೆ. ದಕ್ಷಿಣ ಭಾರತದ ಕಾಡುಗುಡ್ಡಗಳ ಮರ ಸೊಂಡಿಲಿಯ ವೈಜ್ಞಾನಿಕ ಹೆಸರು ಅನಥಾನ ಎಲಿಯೊಟಿ. ತಮಾಷೆ ಏನೆಂದರೆ ಇದು ಸೊಂಡಿಲಿಯೇ ಅಲ್ಲ! ನೋಡಲು ಅಳಿಲಿನಂತೆ. ಅನಥಾನ ಎಂಬ ಮಾತು ಬಂದದ್ದೇ ಬಿದಿರಳಿಲು ಎಂಬ ಅರ್ಥದ ತಮಿಳು ಹೆಸರಿನಿಂದ. ಆದರೆ ಅದು ಅಳಿಲೂ ಅಲ್ಲ, ಅದರ ಗುಂಪೇ ಬೇರೆ. ನಮ್ಮ ಮನೆಯ ಸೊಂಡಿಲಿಯ ನೆಂಟ ಇಲಿಯಲ್ಲ. ನೆಲ ಕೊರೆಯುವ ಮೋಲ್ ಎಂಬ ಪ್ರಾಣಿ. ಸೊಂಡಿಲಿಗೆ ಜಿರಳೆ, ಹುಳುಹುಪ್ಪಟೆಯೇ ಮುಖ್ಯ ಊಟ. ಇಲಿ ಪಾಷಾಣ ಇಟ್ಟರೆ ಜಿರಳೆ ತಿನ್ನುವ ಈ ನೆಂಟನೂ ಸಾಯಬಹುದು.

ಮರ ಸೊಂಡಿಲಿಗೂ ಸ್ಟ್ರೆಸ್‌ಗೂ ಒಂದು ನಂಟಿದೆ. ಜರ್ಮನಿಯ ಡೀಟ್ರಿಚ್ ಫಾನ್ ಹೋಲ್ಸ್ಟ್ ಆಗ್ನೇಯ ಏಷ್ಯಾದ ಮರ ಸೊಂಡಿಲಿಗಳನ್ನು ಸಾಕಿ ನೋಡಿದರು. ಜಗಳದಲ್ಲಿ ಸೋತ ಗಂಡು, ಗೆದ್ದದ್ದರ ಕಣ್ಣೆದುರೇ ಇರಬೇಕಾದಾಗ, ದೊಡ್ಡ ಗಾಯವಿಲ್ಲದಿದ್ದರೂ ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. ಅಂದರೆ ತಪ್ಪಿಸಿಕೊಳ್ಳಲಾಗದ ಭಯ ದೇಹವನ್ನು ನಿಜಕ್ಕೂ ಕೆಡಿಸಬಲ್ಲದು. ಎಲಿಯಟ್‌ಗೆ ಬಿಡುಗಡೆ ಸಿಕ್ಕಿತು, ಆ ಪ್ರಾಣಿಗೆ ಸಿಗಲಿಲ್ಲ.

ಹಾಗಂತ ಎಲ್ಲ ಸ್ಟ್ರೆಸ್ಸೂ ಒಂದೇ ಅಲ್ಲ. ಎಂಜಿನಿಯರ್‌ಗೆ ಅದು ಕಾವೇರಿ ನೀರು ತಳ್ಳುವಾಗ ಕಟ್ಟೆಯ ಕಲ್ಲಿನೊಳಗೆ ಹುಟ್ಟುವ ಬಲ, ಇಷ್ಟು ಜಾಗಕ್ಕೆ ಇಷ್ಟು ಎಂಬ ಲೆಕ್ಕ. ರೈತನಿಗೆ ನೀರಿಲ್ಲದೆ ಬಾಡುವ ಪೈರು. ಇಂಗ್ಲಿಷ್ ಮೇಷ್ಟ್ರಿಗೆ ಪದದಲ್ಲಿ ಒತ್ತಿ ಹೇಳುವ ಜಾಗ. ಡಾಕ್ಟರ್ ಚೀಟಿಯಲ್ಲಿ ಸ್ಟ್ರೆಸ್ ಟೆಸ್ಟ್ ಎಂದಿದ್ದರೆ ಅದು ಸಾಮಾನ್ಯವಾಗಿ ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ, ಮನಸ್ಸಿನದ್ದಲ್ಲ. ನನಗೇನು ಹುಚ್ಚೇ ಎಂದು ಬೇಸರಪಟ್ಟು ಅದನ್ನು ತಪ್ಪಿಸಬೇಡಿ.

ಎಲ್ಲಕ್ಕಿಂತ ಮುಖ್ಯ: ಎದೆನೋವು ಬಂದಾಗ ಟೆನ್ಷನ್ ಅಷ್ಟೇ, ಮಲಗಿದರೆ ಸರಿಹೋಗುತ್ತೆ ಎನ್ನುವ ಫಾರ್ವರ್ಡ್ ನಂಬಬೇಡಿ. ಎದೆ ಬಿಗಿತದ ಜೊತೆ ಬೆವರು, ಉಸಿರುಕಟ್ಟುವಿಕೆ, ತೋಳು ಅಥವಾ ದವಡೆ ನೋವು ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಮನೆಯ ಹಿರಿಯರಿಗೂ ಇದನ್ನು ಓದಿ ಹೇಳಿ.