ಕಾಣದ ಕಿರಣವನ್ನು ಕಂಡ ವಿಲಿಯಂ ಹರ್ಷೆಲ್

ಈಚೆಗೆ ವಸ್ತುಪ್ರದರ್ಶನವೊಂದರಲ್ಲಿ ಅಂಗೈಯಗಲದ ಆಟಿಕೆಯ ಬಂಡಿಯೊಂದನ್ನು ಕಂಡೆನು. ನಡೆಸುವವರಿಲ್ಲದೆ, ಗೋಡೆಯನ್ನು ಮುಟ್ಟದೆ, ಗೇಣುದೂರದಲ್ಲಿ ಅದು ಗೋಡೆಗುಂಟ ಸಾಗುತ್ತಿತ್ತು. ಅವಕೆಂಪು ಕಿರಣವೆಂಬ ಕಾಣದ ಬೆಳಕಿನಿಂದ ಅದು ಗೋಡೆಯನ್ನು ಅರಿಯುತ್ತದೆಯೆಂದು ಕಟ್ಟಿದ ಹುಡುಗರು ವಿವರಿಸಿದರು. ಆದರೆ ಕಿಟಕಿಯ ಬಿಸಿಲು ಬಿದ್ದೆಡೆಗೆ ಬಂದಾಗ ಬಂಡಿಯು ದಾರಿತಪ್ಪಿತು; ಹುಡುಗರ ಮುಖ ಬಾಡಿತು. ಕಾಣದ ಬೆಳಕನ್ನು ಮೊದಲು ಕಂಡವರಾರು, ಅದು ಬಿಸಿಲಿನಲ್ಲಿ ಸೋತುದೇಕೆ ಎಂಬ ಕುತೂಹಲವು ಕಲಾವಿಭಾಗದವನಾದ ನನ್ನನ್ನೂ ಬಿಡಲಿಲ್ಲ. ಹುಡುಕುತ್ತ ಹೋದಾಗ ನನಗೆ ದೊರೆತವನು ಒಬ್ಬ ಸಂಗೀತಗಾರ!

ವಿಲಿಯಂ ಹರ್ಷೆಲನು 1738ರ ನವೆಂಬರ್ 15ರಂದು ಜರ್ಮನಿಯ ಹ್ಯಾನೋವರಿನಲ್ಲಿ ಜನಿಸಿದನು. ತಂದೆ ಸೈನ್ಯದ ವಾದ್ಯವೃಂದದಲ್ಲಿ ಓಬೋ ಎಂಬ ಊದುವ ವಾದ್ಯವನ್ನು ನುಡಿಸುತ್ತಿದ್ದನು. ಮಗನೂ ಎಳೆಯ ಪ್ರಾಯದಲ್ಲಿಯೇ ಆ ವೃಂದವನ್ನು ಸೇರಿದನು. 1757ರಲ್ಲಿ ಯುದ್ಧದ ಕಾವು ಏರಿದಾಗ ಇಂಗ್ಲೆಂಡಿಗೆ ಬಂದು, ಸಂಗೀತಪಾಠ ಹೇಳಿ ಹೊಟ್ಟೆ ಹೊರೆದನು. 1766ರಿಂದ ಬಾತ್ ನಗರದ ಪ್ರಾರ್ಥನಾಮಂದಿರವೊಂದರಲ್ಲಿ ಆರ್ಗನ್ ವಾದಕನಾದನು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಅವನು ವಿದ್ಯಾರ್ಥಿಯಾಗಿ ಹತ್ತಲಿಲ್ಲ. ಹಗಲೆಲ್ಲ ಪಾಠ ಹೇಳಿ ದಣಿದವನಿಗೆ ರಾತ್ರಿಯ ಪುಸ್ತಕಗಳೇ ಗುರುಗಳಾದವು.

ಒಳ್ಳೆಯ ದೂರದರ್ಶಕವನ್ನು ಕೊಳ್ಳುವಷ್ಟು ಹಣವಿರಲಿಲ್ಲ. ತಾನೇ ಮಾಡಲು ತೊಡಗಿದನು. ಲೋಹದ ದರ್ಪಣವನ್ನು ಎಡೆಬಿಡದೆ ತಾಸುಗಟ್ಟಲೆ ಉಜ್ಜುವಾಗ ತಂಗಿ ಕ್ಯಾರೊಲಿನಳು ಅವನ ಬಾಯಿಗೆ ತುತ್ತನ್ನಿಡುತ್ತಿದ್ದಳು. ಒಮ್ಮೆ ದೊಡ್ಡ ದರ್ಪಣವನ್ನು ಎರಕ ಹೊಯ್ಯುವಾಗ ಕಾದ ಲೋಹವು ಸೋರಿ ನೆಲದ ಕಲ್ಲುಗಳು ಸಿಡಿದವು. ಇಷ್ಟಾದರೂ ಅಣ್ಣತಂಗಿಯರು ಎದೆಗುಂದಲಿಲ್ಲ. 1781ರ ಮಾರ್ಚ್ 13ರಂದು, ತನ್ನ ಮನೆಯ ತೋಟದಿಂದ, ತಾನೇ ಮಾಡಿದ ದೂರದರ್ಶಕದಲ್ಲಿ ಅವನು ಯುರೇನಸ್ ಗ್ರಹವನ್ನು ಕಂಡನು. ಅದನ್ನು ಅವನು ಧೂಮಕೇತುವೆಂದೇ ಭಾವಿಸಿದ್ದನು! ಮರುವರ್ಷ ಮೂರನೆಯ ಜಾರ್ಜ್ ದೊರೆಯು ವರ್ಷಕ್ಕೆ 200 ಪೌಂಡುಗಳ ವೇತನವನ್ನಿತ್ತುದರಿಂದ ಸಂಗೀತಪಾಠದ ದುಡಿಮೆ ಮುಗಿಯಿತು.

ಆದರೆ ನಮ್ಮ ಬಂಡಿಗೆ ಸಂಬಂಧಿಸಿದ ಕಾರ್ಯವು ನಡೆದುದು 1800ರಲ್ಲಿ, ಅವನಿಗೆ ಅರುವತ್ತು ದಾಟಿದ ಮೇಲೆ. ಸೂರ್ಯನನ್ನು ನೋಡಲು ಅವನು ದೂರದರ್ಶಕಕ್ಕೆ ಬಣ್ಣದ ಗಾಜುಗಳನ್ನಿಟ್ಟು ಪರೀಕ್ಷಿಸುತ್ತಿದ್ದನು. ಕೆಲವು ಗಾಜುಗಳಲ್ಲಿ ಬೆಳಕು ಸ್ವಲ್ಪವೇ ಬಂದರೂ ಕಣ್ಣಿಗೆ ಕಾವು ತಾಗುತ್ತಿತ್ತು. ಮತ್ತೆ ಕೆಲವುಗಳಲ್ಲಿ ಬೆಳಕು ಹೆಚ್ಚು, ಕಾವು ಕಡಿಮೆ. ಬೇರೊಬ್ಬನಾಗಿದ್ದರೆ ತೊಂದರೆಯಿಲ್ಲದ ಗಾಜನ್ನು ಆರಿಸಿಕೊಂಡು ಸುಮ್ಮನಾಗುತ್ತಿದ್ದನು. ಹರ್ಷೆಲನು ಹಾಗೆ ಮಾಡಲಿಲ್ಲ. ಗಾಜಿನ ಪಟ್ಟಕದಿಂದ ಬಿಸಿಲನ್ನು ಏಳು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿರಿಸಿದನು. ಜೊತೆಗೆ ಇನ್ನೆರಡು ಉಷ್ಣಮಾಪಕಗಳನ್ನು ಬಣ್ಣದ ಹೊರಗೆ, ನೆರಳಿನಲ್ಲಿಟ್ಟನು. ಕೋಣೆಯದೇ ಆದ ಸೆಕೆಯೆಷ್ಟು, ಬಣ್ಣವು ತಂದ ಕಾವೆಷ್ಟು ಎಂಬುದನ್ನು ಬೇರ್ಪಡಿಸಲು ಅವು ಬೇಕಾಗಿದ್ದವು. ನೇರಳೆಯಲ್ಲಿ ಸುಮಾರು 2, ಹಸುರಿನಲ್ಲಿ 3¼, ಕೆಂಪಿನಲ್ಲಿ ಹೆಚ್ಚುಕಡಮೆ 7 ಫ್ಯಾರನ್‌ಹೀಟ್ ಡಿಗ್ರಿಗಳಷ್ಟು ಏರಿಕೆಯಾಯಿತು. ಕೆಂಪಿನೆಡೆಗೆ ಹೋದಂತೆ ಕಾವು ಏರುವುದಾದರೆ, ಕೆಂಪು ಮುಗಿದಲ್ಲಿಯೇ ಅದೂ ಮುಗಿಯುವುದೇಕೆ? ಹೀಗೆ ಯೋಚಿಸಿ, ಬಣ್ಣವೇ ಇಲ್ಲದ ಆಚೆಯ ಜಾಗಕ್ಕೆ ಉಷ್ಣಮಾಪಕವನ್ನು ಸರಿಸಿದನು. ಅಲ್ಲಿಯೂ ಪಾದರಸವು ಏರಿತು! ಈ ಕಾಣದ ಕಿರಣಗಳು ಬೆಳಕಿನಂತೆಯೇ ಕನ್ನಡಿಯಿಂದ ಪುಟಿದು ಬರುತ್ತವೆಂಬುದನ್ನೂ ಅವನು ಪ್ರಯೋಗದಿಂದ ತೋರಿಸಿದನು.

ಆ ಬಂಡಿಯ ಗುಟ್ಟು ಇದೇ. ಅದರ ಮಗ್ಗುಲಲ್ಲಿ ಅವಕೆಂಪನ್ನು ಸೂಸುವ ಪುಟ್ಟ ದೀಪವೊಂದು, ಪಕ್ಕದಲ್ಲಿ ಅದನ್ನು ಗ್ರಹಿಸುವ ಫೋಟೋಟ್ರಾನ್ಸಿಸ್ಟರೊಂದು ಇರುತ್ತವೆ. ಗೋಡೆ ಹತ್ತಿರವಾದರೆ ಮರಳುವ ಕಿರಣ ಹೆಚ್ಚು. ಬಂಡಿ ದೂರಕ್ಕೆ ತಿರುಗುತ್ತದೆ. ಕಿರಣ ಕಡಿಮೆಯಾದರೆ ಗೋಡೆಯತ್ತ ಬಾಗುತ್ತದೆ. ಆದರೆ ಅವಕೆಂಪನ್ನು ಹೀರುವ ಕಪ್ಪು ಗೋಡೆಯು ಹತ್ತಿರವಿದ್ದರೂ ದೂರವಿರುವಂತೆ ತೋರೀತು. ಬಿಸಿಲಿನಲ್ಲಿಯೂ ಇದೇ ಕಿರಣಗಳಿರುವುದರಿಂದ ಬಂಡಿಗೆ ಬಿಸಿಲೇ ಗೋಡೆಯಾಗಿ ತೋರುತ್ತದೆ. ಇದಕ್ಕೆ ಪರಿಹಾರವುಂಟು: ದೀಪವನ್ನು ಆರಿಸಿ ಒಮ್ಮೆ, ಹೊತ್ತಿಸಿ ಒಮ್ಮೆ ಅಳೆದು, ಎರಡನೆಯದರಿಂದ ಮೊದಲನೆಯದನ್ನು ಕಳೆಯಬೇಕು. ಬಿಸಿಲು ತೀರ ಪ್ರಖರವಾಗಿರದಿದ್ದರೆ ಉಳಿಯುವುದು ಗೋಡೆಯ ಉತ್ತರ ಮಾತ್ರ. ನೆರಳಿನಲ್ಲಿದ್ದ ಆ ಎರಡು ಉಷ್ಣಮಾಪಕಗಳು ಮಾಡಿದ ಕೆಲಸವೂ ಇದೇ ಅಲ್ಲವೆ? ಹುಡುಗರ ಬಂಡಿಯಲ್ಲಿ ಈ ಕಳೆಯುವ ಲೆಕ್ಕವಿರಲಿಲ್ಲ.

ಹರ್ಷೆಲನು ಹೇಳಿದುದೆಲ್ಲ ನಿಜವಾಗಲಿಲ್ಲ. ಸೂರ್ಯನಲ್ಲಿ ಜೀವಿಗಳಿವೆಯೆಂದು ಅವನು ನಂಬಿದ್ದನು. ಕಾವಿನ ಕಿರಣವೂ ಬೆಳಕೂ ಒಂದೇ ಎಂಬ ಕಡೆಗೆ ಮೊದಲು ಒಲಿದಿದ್ದರೂ ಕೊನೆಗೆ ಅವು ಬೇರೆಯೆಂದೇ ತೀರ್ಮಾನಿಸಿದನು. ಮುಂದಿನವರು ಅವು ಒಂದೇ ಜಾತಿಯವೆಂದು ಸ್ಥಾಪಿಸಿದರು. ಆದರೆ ಅವನು ಅಳೆದುದು ಅಳಿಯಲಿಲ್ಲ. 1822ರ ಆಗಸ್ಟ್ 25ರಂದು ಅವನು ಸ್ಲೌ ಎಂಬ ಊರಿನಲ್ಲಿ ತೀರಿಕೊಂಡನು.

ಮನೆಯಲ್ಲಿ ಮೊದಲು ಕಾಲೇಜು ಕಂಡ ನನ್ನಂಥವರಿಗೆ, ಇದು ನಮ್ಮ ವಿಷಯವಲ್ಲವೆಂಬ ಅಳುಕು ಸಹಜ. ಓಬೋ ನುಡಿಸುವವನ ಮಗನಿಗೆ ಆ ಅಳುಕು ಇತ್ತೋ ಇಲ್ಲವೋ, ಅವನು ಅದಕ್ಕೆ ಮಣಿಯಲಿಲ್ಲ. ಕೆಂಪಿನ ಗೆರೆಯಾಚೆಗೆ ಉಷ್ಣಮಾಪಕವನ್ನು ಸರಿಸಲು ಪದವಿ ಬೇಕಾಗಿರಲಿಲ್ಲ. ಸಂದೇಹ ಬೇಕಾಗಿತ್ತು, ತಾಳ್ಮೆ ಬೇಕಾಗಿತ್ತು. ಇವೆರಡೂ ಯಾವ ವಿಭಾಗದ ವಿದ್ಯಾರ್ಥಿಗೂ ನಿಷಿದ್ಧವಲ್ಲ.