ದೇವನಹಳ್ಳಿಯ ಸುಲ್ತಾನನ ಕಿತಾಬು ಕೋಣೆ

ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋಗುವವರು ದೇವನಹಳ್ಳಿ ಎಂಬ ಬೋರ್ಡ್ ನೋಡಿಯೇ ಇರುತ್ತಾರೆ. ಅಲ್ಲಿನ ಹಳೆ ಕೋಟೆಯ ಹತ್ತಿರ 1750ರ ನವೆಂಬರ್ 20ರಂದು ಟಿಪ್ಪು ಸುಲ್ತಾನ್ ಹುಟ್ಟಿದರು. ಆ ಜಾಗದಲ್ಲಿ ಈಗ ಒಂದು ಸಣ್ಣ ಸ್ಮಾರಕವಿದೆ. ನಮ್ಮ ಕರಾವಳಿಯವರಿಗೆ ಟಿಪ್ಪು ಅಂದರೆ ಮಂಗಳೂರಿನ ಸುಲ್ತಾನ್ ಬತ್ತೇರಿ, ಖಡ್ಗ, ಯುದ್ಧ. ಅವರು ಕಿತಾಬುಗಳ ನಡುವೆಯೂ ಬದುಕಿದವರು ಎಂಬುದು ಮಾತಿಗೆ ಬರುವುದು ಕಡಿಮೆ.

ತಂದೆ ಹೈದರಾಲಿ, ತಾಯಿ ಫಾತಿಮಾ ಫಕ್ರುನ್ನಿಸಾ. ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾರ ದರ್ಗಾದಲ್ಲಿ ತಾಯಿ ದುಆ ಮಾಡಿದ್ದರು, ಆ ಔಲಿಯಾರ ಹೆಸರನ್ನೇ ಮಗನಿಗೆ ಇಟ್ಟರು ಎಂದು ಹೇಳುತ್ತಾರೆ. ಹೈದರಾಲಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಗನಿಗೆ ಉಸ್ತಾದರನ್ನಿಟ್ಟು ಕಲಿಸಿದರು.

ಶ್ರೀರಂಗಪಟ್ಟಣದ ಅರಮನೆಯಲ್ಲಿ ಟಿಪ್ಪು ಅವರಿಗೆ ಸುಮಾರು 2,000 ಸಂಪುಟಗಳ ಸಂಗ್ರಹವಿತ್ತು. ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸ 1809ರಲ್ಲಿ ಅದರ ಪಟ್ಟಿ ಅಚ್ಚು ಹಾಕಿಸಿದ. ಕುರ್‌ಆನ್, ಹದೀಸ್, ಫಿಕ್‌ಹ್ ಕಿತಾಬುಗಳ ಜೊತೆ ತಸವ್ವುಫ್‌ನವು 115, ತತ್ವಶಾಸ್ತ್ರದವು 54, ವೈದ್ಯದವು 62, ಕಥೆಗಳವು 18. ಬಹ್ರುಲ್ ಮನಾಫಿ ಎಂಬ ಒಂದು ಕಿತಾಬನ್ನು ಟಿಪ್ಪು ಅವರಿಗೇ ಅರ್ಪಿಸಲಾಗಿತ್ತು. ಅದರಲ್ಲಿ ಬಸುರಿ ಬಾಣಂತಿಯರ ಆರೈಕೆ, ಮಕ್ಕಳ ಪಾಲನೆ; ಅದರೊಂದಿಗೇ ಮಂತ್ರ, ದೆವ್ವ ಬಿಡಿಸುವ ವಿಷಯ. ಮಗುವಿಗೆ ಜ್ವರ ಬಂದರೆ ಡಾಕ್ಟರಿಗೂ ತೋರಿಸಿ, ಉಸ್ತಾದರಿಂದ ನೀರೂ ಊದಿಸಿಕೊಂಡು ಬರುವ ನಮ್ಮ ಮನೆಗಳಿಗೆ ಇದೇನು ಹೊಸದಲ್ಲ.

ಟಿಪ್ಪು ತಮ್ಮ ಕನಸುಗಳನ್ನೂ ಫಾರ್ಸಿಯಲ್ಲಿ, ಸ್ವಂತ ಕೈಯಿಂದ ಬರೆದಿಡುತ್ತಿದ್ದರು. ಒಟ್ಟು 37 ಕನಸು. ಯಾರಿಗೂ ತೋರಿಸುತ್ತಿರಲಿಲ್ಲ. ಒಂದು ಕನಸಲ್ಲಿ ಮೂರು ಬೆಳ್ಳಿ ತಟ್ಟೆಗಳ ತುಂಬ ತಾಜಾ ಖರ್ಜೂರ ಬಂದಿತ್ತು. ಮರಾಠರು, ನಿಜಾಮ, ಇಂಗ್ಲಿಷರು, ಈ ಮೂವರ ರಾಜ್ಯವೂ ತನಗೆ ಸಿಗುತ್ತದೆ ಎಂದು ಅವರು ಅರ್ಥ ಮಾಡಿಕೊಂಡರು. ನಿಜದಲ್ಲಿ ಆದದ್ದು ತಿರುವುಮುರುವು. 1792ರಲ್ಲಿ ಈ ಮೂವರೇ ಅವರ ಅರ್ಧ ರಾಜ್ಯವನ್ನು ಹಂಚಿಕೊಂಡಿದ್ದರು. ಕನಸು ಅಲ್ಲಾಹನ ಕಡೆಯಿಂದಲೂ ಬರುತ್ತದೆ, ನಮ್ಮ ಆಸೆಯಿಂದಲೂ ಬರುತ್ತದೆ. ಯಾವುದು ಯಾವುದೆಂದು ತಿಳಿಯುವುದು ಸುಲ್ತಾನನಿಗೂ ಸುಲಭವಲ್ಲ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. ಈ ಕಿತಾಬುಗಳಲ್ಲಿ ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕ್ ನವಾಬರ ಕಡೆಯಿಂದ ಯುದ್ಧದ ಲೂಟಿಯಾಗಿ ಬಂದವು ಎಂದು ಸ್ಟುವರ್ಟ್ ಬರೆದಿದ್ದಾನೆ. ಆದರೆ ಟಿಪ್ಪು ಅವನ್ನು ಮೂಲೆಗೆ ಎಸೆಯಲಿಲ್ಲ. ಹೊಸ ಚರ್ಮದ ರಟ್ಟು ಹಾಕಿಸಿ, ಅದರ ಮೇಲೆ ಅಲ್ಲಾಹನ ಹೆಸರು, ನಾಲ್ವರು ಖಲೀಫರ ಹೆಸರುಗಳ ಅಚ್ಚು ಒತ್ತಿಸಿದರು.

1799ರ ಮೇ 4ರಂದು ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತಲೇ ಶಹೀದರಾದರು. ಲೂಟಿಯಾಗಿ ಬಂದ ಕಿತಾಬುಗಳು ಮತ್ತೆ ಲೂಟಿಯಾಗಿಯೇ ಹೊರಟವು. ಕೆಲವು ಕಲ್ಕತ್ತಕ್ಕೆ, ಕೆಲವು ಲಂಡನ್‌ಗೆ. ಕನಸಿನ ಪುಸ್ತಕವೂ ಕರ್ನಲ್ ಕರ್ಕ್‌ಪ್ಯಾಟ್ರಿಕ್ ಕೈಗೆ ಸಿಕ್ಕಿ ಲಂಡನ್ ಸೇರಿತು, ಈಗಲೂ ಅಲ್ಲೇ ಇದೆ.

ಟಿಪ್ಪು ಅವರ ಖಡ್ಗ ಎಷ್ಟು ಕೋಟಿಗೆ ಹರಾಜಾಯಿತು ಎಂದು ನಮ್ಮ ಹುಡುಗರಿಗೆ ಗೊತ್ತು. ಕಿತಾಬುಗಳ ಸುದ್ದಿ ಗೊತ್ತಿಲ್ಲ. ನಮ್ಮ ಅಟ್ಟದ ಪೆಟ್ಟಿಗೆಯಲ್ಲೂ ಅಜ್ಜನ ಕಾಲದ ಅರಬಿ ಮಲಯಾಳಂ ಮಾಲೆ, ಮದ್ದಿನ ಕಿತಾಬು ಇರಬಹುದು. ಅದನ್ನು ಕೊಂಡೊಯ್ಯಲು ಇಂಗ್ಲಿಷರೇ ಬರಬೇಕಿಲ್ಲ, ಗೆದ್ದಲು ಸಾಕು. ಈ ವಾರ ಒಮ್ಮೆ ಪೆಟ್ಟಿಗೆ ತೆರೆದು ನೋಡಿ.