ನವಾಬ ಹೈದರ್ ಅಲಿ: ಅಮೆರಿಕದ ಹಡಗಿಗೆ ಹೆಸರಾದ ಕನ್ನಡ ನಾಡಿನ ಸಿಪಾಯಿ



1782ನೇ ಇಸ್ವಿ ಏಪ್ರಿಲ್ 8ರಂದು ಅಮೆರಿಕದ ಡೆಲವೇರ್ ಕೊಲ್ಲಿಯಲ್ಲಿ ಎರಡು ಹಡಗುಗಳ ನಡುವೆ ಕಾಳಗ ನಡೆಯಿತು. ಒಂದು ಇಂಗ್ಲಿಷರ ಯುದ್ಧನೌಕೆ, ಹೆಸರು ಜನರಲ್ ಮಾಂಕ್. ಇನ್ನೊಂದು, ಆರು ವರ್ಷಗಳ ಹಿಂದಷ್ಟೇ ಸ್ವಾತಂತ್ರ್ಯ ಘೋಷಿಸಿಕೊಂಡು ಇನ್ನೂ ಅದಕ್ಕಾಗಿ ಹೋರಾಡುತ್ತಿದ್ದ ಅಮೆರಿಕನ್ನರದು. ಅದನ್ನು ಸಜ್ಜುಗೊಳಿಸಿದವರು ಪೆನ್ಸಿಲ್ವೇನಿಯಾ ರಾಜ್ಯದವರು. ಆ ಹಡಗಿನ ಹೆಸರೇನು ಬಲ್ಲಿರಾ? ಹೈದರ್ ಅಲಿ!

ಕೋಲಾರ ಸೀಮೆಯ ಒಬ್ಬ ಸಿಪಾಯಿಯ ಹೆಸರು ಏಳು ಸಮುದ್ರ ದಾಟಿ ಅಲ್ಲಿಗೆ ಹೋದದ್ದು ಹೇಗೆ? ಪಠ್ಯಪುಸ್ತಕದಲ್ಲಿ ಹೈದರನಿಗೆ ಒಂದೆರಡು ಪುಟ ಸಿಗುತ್ತವೆ, ಅಷ್ಟರಲ್ಲಿ ಮಗ ಟಿಪ್ಪು ಸುಲ್ತಾನ ಬಂದುಬಿಡುತ್ತಾನೆ. ಆದ್ದರಿಂದ ತಂದೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ, ಕೋಲಾರದ ಬಳಿಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಸೈನ್ಯದ ಅಧಿಕಾರಿ. ಮಗ ಇನ್ನೂ ಚಿಕ್ಕವನಿರುವಾಗಲೇ ಅವರು ಯುದ್ಧದಲ್ಲಿ ಮಡಿದರು. ಮನೆಗೆ ಉಳಿದದ್ದು ಸಾಲ. ದೊಡ್ಡಬಳ್ಳಾಪುರದ ಅಬ್ಬಾಸ್ ಕುಲಿ ಖಾನ್ ಎಂಬ ಅಧಿಕಾರಿ ಆ ಬಾಕಿ ವಸೂಲಿಗಾಗಿ ವಿಧವೆಯ ಮಕ್ಕಳಾದ ಶಹಬಾಜ್ ಮತ್ತು ಹೈದರರನ್ನು ನಗಾರಿಯೊಳಗೆ ಕೂಡಿಸಿ ಮೇಲಿಂದ ಬಾರಿಸಿದನೆಂದು ಹಳೆಯ ಇತಿಹಾಸಕಾರರು ಹೇಳುತ್ತಾರೆ. ಹುಡುಗ ಅದನ್ನು ಮರೆಯಲಿಲ್ಲ. ದೊಡ್ಡವನಾಗಿ ಹೈದರ್ ದೊಡ್ಡಬಳ್ಳಾಪುರವನ್ನು ಗೆದ್ದಾಗ ಅಬ್ಬಾಸ್ ಕುಲಿ ಮದ್ರಾಸಿಗೆ ಓಡಿಹೋದ. ಮುಂದೆ ಹೈದರನ ಸೈನ್ಯ ಮದ್ರಾಸಿನ ಹತ್ತಿರವೂ ಬಂದಾಗ ಅವನು ಒಂದು ಮುರುಕು ಹಡಗು ಹತ್ತಿ ಸಮುದ್ರದಲ್ಲೇ ಕುಳಿತನಂತೆ, ಸೈನ್ಯ ಘಟ್ಟ ಹತ್ತುವವರೆಗೆ ನೆಲಕ್ಕೆ ಕಾಲಿಡಲಿಲ್ಲವಂತೆ!

ಇಂಥ ಬಾಲ್ಯದಲ್ಲಿ ಮದರಸಾ ಎಲ್ಲಿಂದ ಬಂತು? ಹೈದರನಿಗೆ ಓದು ಬರಹ ಕೊನೆಯವರೆಗೂ ಬರಲಿಲ್ಲ. ರುಜು ಹಾಕಬೇಕಾದಾಗ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನೇ, ಅದನ್ನೂ ತಲೆಕೆಳಗಾಗಿ, ಬರೆಯುತ್ತಿದ್ದ. ಆದರೆ ಕನ್ನಡ, ದಖನಿ, ಮರಾಠಿ, ತೆಲುಗು, ತಮಿಳು ಐದನ್ನೂ ಸರಾಗವಾಗಿ ಆಡುತ್ತಿದ್ದ. ಒಬ್ಬ ಮುನ್ಷಿ ಬರೆದ ಪತ್ರವನ್ನು ಇನ್ನೊಬ್ಬನಿಂದ ಓದಿಸಿ ಪರೀಕ್ಷಿಸುತ್ತಿದ್ದನೆಂದು ಹೇಳುತ್ತಾರೆ. ಲೆಕ್ಕಪತ್ರವೆಲ್ಲ ಅವನ ನೆನಪಿನಲ್ಲಿಯೇ ಇರುತ್ತಿತ್ತು. ಆದರೂ ತನ್ನ ಮಗನಿಗೆ ಮಾತ್ರ ಒಳ್ಳೆಯ ಉಸ್ತಾದರನ್ನು ನೇಮಿಸಿ ಓದಿಸಿದ ಎಂಬುದನ್ನು ಗಮನಿಸಿರಿ.

ಅವನ ಏಳಿಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಮೈಸೂರಿನ ದಳವಾಯಿಗಳ ಕಣ್ಣಿಗೆ ಬಿದ್ದ. 1755ರಲ್ಲಿ ದಿಂಡಿಗಲ್ಲಿನ ಫೌಜದಾರನಾದ, ಅಲ್ಲಿ ಫ್ರೆಂಚರ ನೆರವಿನಿಂದ ತೋಪು ಮದ್ದುಗುಂಡಿನ ಕಾರಖಾನೆ ಹಾಕಿಸಿದ. 1761ರ ಹೊತ್ತಿಗೆ ಮೈಸೂರಿನ ಆಡಳಿತವೆಲ್ಲ ಅವನ ಕೈಗೆ ಬಂತು. ಒಡೆಯರು ಹೆಸರಿಗೆ ಸಿಂಹಾಸನದ ಮೇಲಿದ್ದರು. 1763ರಲ್ಲಿ ಬಿದನೂರು ಕೈವಶವಾಗಿ, ಅದರೊಂದಿಗೆ ಮಂಗಳೂರಿನ ಬಂದರವೂ ದೊರೆಯಿತು.

ಹೈದರನೆಂದರೆ ಶ್ರೀರಂಗಪಟ್ಟಣದ ಕಡೆಯವನು, ನಮಗೇನು ಸಂಬಂಧ ಎಂದು ನಮ್ಮ ಭಾಗದವರು ತಿಳಿಯುವುದುಂಟು. ಹಾಗಲ್ಲ. 1777ರಲ್ಲಿ ಕುಂದಗೋಳ ಬಳಿಯ ಸಂಶಿಯಲ್ಲಿ ಅವನ ಸೇನಾನಿ ಮುಹಮ್ಮದ್ ಅಲಿ ಪಟವರ್ಧನರ ಸೈನ್ಯವನ್ನು ಸೋಲಿಸಿದ. ಮುಂದೆ ಜಮಖಂಡಿಯನ್ನಾಳಿದ ಪಟವರ್ಧನರು ಅದೇ ಮನೆತನದವರು. ಅದಾದ ಮೇಲೆ ಹೈದರನ ಅಧಿಕಾರ ಉತ್ತರಕ್ಕೆ ಕೃಷ್ಣಾ ನದಿಯ ಕಡೆಗೆ ಚಾಚಿತು. ರಬಕವಿಯಿಂದ ನಾವು ದಿನವೂ ಕಾಣುವ ಹೊಳೆಯೇ ಅದು! ಈ ಸೀಮೆಯ ರೈತರಿಗೂ ನೇಕಾರರಿಗೂ ಎರಡೂ ಕಡೆಯ ದಂಡುಗಳು ಹಾದುಹೋದದ್ದೆಂದರೆ ಸಂಕಟದ ಮಾತೇ ಆಗಿದ್ದಿರಬೇಕು.

ಇನ್ನು ಇಂಗ್ಲಿಷರ ವಿಷಯಕ್ಕೆ ಬರೋಣ. 1769ರಲ್ಲಿ ಹೈದರ್ ಮದ್ರಾಸಿನ ಬಾಗಿಲಿಗೇ ಹೋಗಿ ಕಂಪನಿ ಸರ್ಕಾರದಿಂದ ಒಪ್ಪಂದ ಬರೆಯಿಸಿಕೊಂಡ. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕೆಂಬುದು ಅದರ ಮುಖ್ಯ ಮಾತು. ಮರುವರ್ಷವೇ ಪೇಶವೆ ಮಾಧವರಾವರ ಸೈನ್ಯ ಮೈಸೂರಿನ ಮೇಲೆ ಬಂತು. 1771ರಲ್ಲಿ ಮೇಲುಕೋಟೆಯ ಬಳಿ ಹೈದರ್ ಹೀನಾಯವಾಗಿ ಸೋತ. ಇಂಗ್ಲಿಷರು ಒಬ್ಬ ಸಿಪಾಯಿಯನ್ನೂ ಕಳಿಸಲಿಲ್ಲ. ಓದು ಬಾರದವನಾದರೂ ಆ ಕಾಗದದ ಬೆಲೆ ಎಷ್ಟೆಂಬುದು ಅವನಿಗೆ ಅಂದೇ ತಿಳಿಯಿತು. ನನ್ನ ದೃಷ್ಟಿಯಲ್ಲಿ ಅವನ ಮುಂದಿನ ರಾಜಕಾರಣಕ್ಕೆಲ್ಲ ಬೀಜ ಬಿದ್ದದ್ದು ಇಲ್ಲಿಯೇ.

ಈ ನಡುವೆ ಅಮೆರಿಕದ 13 ವಸಾಹತುಗಳು ಇಂಗ್ಲೆಂಡಿನ ವಿರುದ್ಧ ಎದ್ದವು. 1778ರಲ್ಲಿ ಫ್ರಾನ್ಸ್ ಅವರ ಪಕ್ಷ ಸೇರಿತು. ಫ್ರಾನ್ಸ್ ಶತ್ರುವಾದೊಡನೆ ಇಂಗ್ಲಿಷರು ಭಾರತದಲ್ಲಿದ್ದ ಫ್ರೆಂಚ್ ಠಾಣೆಗಳ ಮೇಲೆ ಬಿದ್ದರು. ಅದೇ ವರ್ಷ ಪಾಂಡಿಚೇರಿ, 1779ರ ಮಾರ್ಚಿನಲ್ಲಿ ಮಾಹೆ ಅವರ ವಶವಾದವು. ಹೈದರನಿಗೆ ಫ್ರೆಂಚ್ ಶಸ್ತ್ರಾಸ್ತ್ರ ಬರುತ್ತಿದ್ದ ದಾರಿಯೇ ಮಾಹೆ. ಅದನ್ನು ಮುಟ್ಟಬೇಡಿರೆಂದು ಅವನು ಮೊದಲೇ ಎಚ್ಚರಿಸಿದ್ದ. ನೋಡಿರಿ, ಬಾಸ್ಟನ್ನಿನಲ್ಲಿ ಹೊತ್ತಿದ ಕಿಡಿ ಮಲಬಾರಿನ ಕರಾವಳಿಗೆ ಹೀಗೆ ತಲುಪಿತು!

1780ರ ಜುಲೈಯಲ್ಲಿ ಹೈದರ್ ಭಾರೀ ಸೈನ್ಯದೊಂದಿಗೆ ಘಟ್ಟ ಇಳಿದ. ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸುಮಾರು 3,800 ಜನರ ಪಡೆಯನ್ನು ತಂದೆ ಮಗ ಸೇರಿ ಸುತ್ತುವರಿದರು. ಮೈಸೂರಿನವರ ಬಾಣ, ಎಂದರೆ ಕಬ್ಬಿಣದ ಕೊಳವೆಯ ರಾಕೆಟ್ಟು, ಜೊತೆಗೆ ತೋಪಿನ ಗುಂಡು ಸುರಿದು ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದವು. ಕೆಲವೇ ಮೈಲು ದೂರದಲ್ಲಿದ್ದ ಜನರಲ್ ಮುನ್ರೋ ನೆರವಿಗೆ ಬರಲೇ ಇಲ್ಲ. ಬೈಲಿ ಸೆರೆಯಾಗಿ 1782ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡ. ನೀವು ಪ್ರವಾಸಕ್ಕೆ ಹೋದಾಗ ಅಲ್ಲಿಯ ದರಿಯಾ ದೌಲತ್ ಗೋಡೆಯ ಮೇಲೆ ಈ ಯುದ್ಧದ ಚಿತ್ರವನ್ನು ತಪ್ಪದೆ ನೋಡಿರಿ.

ಈ ಸೋಲಿನ ಸುದ್ದಿ ಲಂಡನ್ನಿಗೆ, ಅಲ್ಲಿಂದ ಅಮೆರಿಕದ ಪತ್ರಿಕೆಗಳಿಗೆ ತಲುಪಿತು. ತಮ್ಮ ವೈರಿಗೆ ಪೂರ್ವದಲ್ಲೊಬ್ಬ ಪೆಟ್ಟು ಕೊಟ್ಟನೆಂದು ಅಲ್ಲಿಯವರು ಹಿಗ್ಗಿದರು. ಇಂಗ್ಲಿಷರ ಕಾಟದಿಂದ ತಮ್ಮ ವ್ಯಾಪಾರದ ಹಡಗುಗಳನ್ನು ರಕ್ಷಿಸಲು ಫಿಲಡೆಲ್ಫಿಯಾದವರು ಸಿದ್ಧಪಡಿಸಿದ ಹಡಗಿಗೆ ಅವನ ಹೆಸರನ್ನಿಟ್ಟರು. ಫಿಲಿಪ್ ಫ್ರೆನೋ ಎಂಬ ಕವಿ ಅದರ ಮೇಲೆ ಹಾಡನ್ನೂ ಕಟ್ಟಿದ.

ಹಡಗಿನ ಕಪ್ತಾನ ಜೋಶುವಾ ಬಾರ್ನಿಗೆ ಆಗ ವಯಸ್ಸು 22. ನಿಮ್ಮಲ್ಲಿ ಡಿಗ್ರಿ ಮುಗಿಸುತ್ತಿರುವವರ ವಯಸ್ಸು! ಅವನ ಬಳಿ ಇದ್ದದ್ದು ಆರು ಪೌಂಡಿನ ಗುಂಡು ಹಾರಿಸುವ 16 ತೋಪುಗಳು. ಜನರಲ್ ಮಾಂಕಿನ ತೋಪುಗಳು ಒಂಬತ್ತು ಪೌಂಡಿನವು. ಬಾರ್ನಿ ಒಂದು ಉಪಾಯ ಮಾಡಿದ. ತಾನು ಕೂಗಿ ಹೇಳಿದ್ದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿಗೆ ಚುಕ್ಕಾಣಿ ತಿರುಗಿಸಬೇಕೆಂದು ತನ್ನವನಿಗೆ ಗುಟ್ಟಾಗಿ ತಿಳಿಸಿಟ್ಟ. ಕೂಗು ಕೇಳಿದ ಇಂಗ್ಲಿಷರು ಮೋಸಹೋದರು, ಹಡಗುಗಳು ಒಂದಕ್ಕೊಂದು ಸಿಕ್ಕಿಕೊಂಡವು, ಅರ್ಧ ಗಂಟೆಯೊಳಗೆ ಜನರಲ್ ಮಾಂಕ್ ಶರಣಾಯಿತು.

ಫಿಲಡೆಲ್ಫಿಯಾದವರು ಹೈದರನನ್ನು ಸ್ವಾತಂತ್ರ್ಯದ ಪ್ರೇಮಿಯೆಂದು ಬಗೆದರು. ಇದು ಎಷ್ಟು ಸರಿ? ಅವನು ಪ್ರಜೆಗಳಿಂದ ಆರಿಸಿ ಬಂದವನಲ್ಲ, ಒಡೆಯರಿಂದ ಅಧಿಕಾರ ಕಿತ್ತುಕೊಂಡವನು. ಮದ್ರಾಸಿನ ಸುತ್ತಲಿನ ಹಳ್ಳಿಗಳನ್ನು ಅವನ ಸೈನ್ಯ ಸುಟ್ಟು ಹಾಳುಮಾಡಿದ್ದನ್ನು ಮುಚ್ಚಿಡುವುದು ನ್ಯಾಯವಲ್ಲ. ಅತ್ತ, ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ಅಮೆರಿಕದಲ್ಲಿಯೂ ಲಕ್ಷಾಂತರ ಆಫ್ರಿಕನ್ನರು ಗುಲಾಮರಾಗಿಯೇ ಉಳಿದಿದ್ದರು. ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಂಡವರಲ್ಲ. ಕಂಪನಿಯ ಶಕ್ತಿ ಎಲ್ಲಿಯವರೆಗೆ ಬೆಳೆಯುತ್ತದೆಂಬುದನ್ನು ನಮ್ಮ ನಾಡಿನ ಉಳಿದ ರಾಜರಿಗಿಂತ ಮೊದಲು ಹೈದರ್ ಅರಿತಿದ್ದ ಎಂಬುದಂತೂ ನಿಜ. ಅವನ ಹೆಸರಿಗೆ ಆ ಗೌರವ ಸಲ್ಲಬೇಕು.

ಅವನಿಗೆ ಎಟುಕದೆ ಉಳಿದದ್ದು ಸಮುದ್ರ. ಮಂಗಳೂರಿನಲ್ಲಿ ಕಷ್ಟಪಟ್ಟು ಕಟ್ಟಿಸಿದ್ದ ಹಡಗುಗಳನ್ನು 1780ರ ಡಿಸೆಂಬರಿನಲ್ಲಿ ಇಂಗ್ಲಿಷ್ ಅಡ್ಮಿರಲ್ ಹ್ಯೂಸ್ ನಾಶಮಾಡಿದ್ದ. ತನ್ನ ಹಡಗುಗಳು ಹಾಳಾದ ಮೇಲೆ ತನ್ನ ಹೆಸರಿನದೊಂದು ದೂರದಲ್ಲಿ ಗೆದ್ದಿತು! 1781ರ ಜುಲೈಯಲ್ಲಿ ಪೋರ್ಟೊ ನೋವೊದಲ್ಲಿ ಸೋತರೂ ಹೈದರ್ ಯುದ್ಧ ಬಿಡಲಿಲ್ಲ. ಆದರೆ ಬೆನ್ನಿನ ಹುಣ್ಣು ಬಿಡಲಿಲ್ಲ. 1782ರ ನವೆಂಬರ್ 30ರಂದು ಪ್ಯಾರಿಸಿನಲ್ಲಿ ಇಂಗ್ಲೆಂಡ್ ಅಮೆರಿಕದೊಂದಿಗೆ ಮೊದಲ ಸಂಧಿಗೆ ರುಜು ಹಾಕಿತು. ಒಂದು ವಾರದ ಬಳಿಕ, ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಡೇರೆಯಲ್ಲಿ ಹೈದರ್ ಕಣ್ಣುಮುಚ್ಚಿದ. ಟಿಪ್ಪು ಮಲಬಾರಿನಲ್ಲಿದ್ದ. ಅವನು ಬರುವವರೆಗೆ ಪೂರ್ಣಯ್ಯ ಮೊದಲಾದವರು ಸಾವನ್ನು ಗುಟ್ಟಾಗಿಟ್ಟರು. ಪಾರ್ಥಿವ ಶರೀರವನ್ನು ಪೆಟ್ಟಿಗೆಯಲ್ಲಿರಿಸಿ, ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳಿಸಿದರು. ಅನಂತರ ಶ್ರೀರಂಗಪಟ್ಟಣದ ಗುಂಬಜಿನಲ್ಲಿ ದಫನ್ ಆಯಿತು.

ಜೋಶುವಾ ಬಾರ್ನಿಯ ಕಥೆಯಲ್ಲಿ ಇನ್ನೊಂದು ತಿರುವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರಿಗೆ ಸಿಕ್ಕ ಮೈಸೂರಿನ ರಾಕೆಟ್ಟುಗಳು ಇಂಗ್ಲೆಂಡಿಗೆ ಹೋದವು. ಅವುಗಳ ಜಾಡು ಹಿಡಿದು ವಿಲಿಯಂ ಕಾಂಗ್ರೀವ್ ಹೊಸ ರಾಕೆಟ್ಟು ತಯಾರಿಸಿದ. 1812ರಲ್ಲಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಮತ್ತೆ ಯುದ್ಧ ಹತ್ತಿತು. 1814ರ ಆಗಸ್ಟ್ 24ರಂದು ವಾಷಿಂಗ್ಟನ್ ಬಳಿಯ ಬ್ಲೇಡನ್ಸ್‌ಬರ್ಗ್‌ನಲ್ಲಿ ಅವೇ ರಾಕೆಟ್ಟುಗಳ ಅಬ್ಬರಕ್ಕೆ ಅಮೆರಿಕದ ಹೊಸ ಸಿಪಾಯಿಗಳು ಓಡಿಹೋದರು. ತನ್ನ ನಾವಿಕರೊಂದಿಗೆ ಕೊನೆಯವರೆಗೆ ತೋಪುಗಳ ಬಳಿ ನಿಂತು, ತೊಡೆಗೆ ಗುಂಡು ತಗಲಿ ಸೆರೆಸಿಕ್ಕ ಅಧಿಕಾರಿ, ಹಿಂದೆ ಹೈದರ್ ಅಲಿ ಹಡಗನ್ನು ನಡೆಸಿದ್ದ ಅದೇ ಬಾರ್ನಿ.